ಸ್ವಿಚ್‌ಗೂ ಒಂದು ವಿಳಾಸ ಬೇಕು

ಅಧ್ಯಯನ ಲೇಖನ: ಕಚೇರಿ ಜಾಲದ ಸ್ವಿಚ್‌ಗಳಿಗೆ ನಿರ್ವಹಣಾ ಐಪಿ ವಿಳಾಸ ನೀಡುವ ಕ್ರಮ

(ಗ್ರಾಮ ಪಂಚಾಯತಿಗಳ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಲೆಕ್ಕ ಸಹಾಯಕರು, ಡಾಟಾ ಎಂಟ್ರಿ ಆಪರೇಟರುಗಳು ಹಾಗೂ ಅರಿವು ಕೇಂದ್ರಗಳ ಮೇಲ್ವಿಚಾರಕರ ಉಪಯೋಗಕ್ಕಾಗಿ)

ಪೀಠಿಕೆ

ಗ್ರಾಮ ಪಂಚಾಯತಿ ಕಚೇರಿಯ ದಾಸ್ತಾನು ವಹಿಯನ್ನು ತೆರೆದರೆ ಕುರ್ಚಿ, ಮೇಜು, ಬೀರು, ಕಂಪ್ಯೂಟರ್, ಪ್ರಿಂಟರ್ ಮುಂತಾದವುಗಳ ಖರೀದಿ ದಿನಾಂಕ, ಮೌಲ್ಯ ಮತ್ತು ಇರುವ ಸ್ಥಳ ಸಿಗುತ್ತವೆ. ಗೋಡೆಯ ಮೂಲೆಯಲ್ಲಿ ಹಸಿರು ದೀಪಗಳನ್ನು ಮಿಟುಕಿಸುತ್ತ ಕುಳಿತಿರುವ ನೆಟ್‌ವರ್ಕ್ ಸ್ವಿಚ್ ಕೂಡ ಆ ವಹಿಯಲ್ಲಿ ಒಂದು ಸಾಲಾಗಿ ಇರಬಹುದು. ಆದರೆ ಅದರ ಐಪಿ ವಿಳಾಸ ಯಾವುದು, ಅದರೊಳಗೆ ಪ್ರವೇಶಿಸುವ ಪಾಸ್‌ವರ್ಡ್ ಯಾರ ಬಳಿ ಇದೆ, ಅದರ ಸಂಯೋಜನೆಯನ್ನು ಕೊನೆಯ ಬಾರಿಗೆ ಯಾರು ಬದಲಿಸಿದರು ಎಂಬ ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿರುವುದಿಲ್ಲ.

ಹಿಂದೆ ನಾನು ಕಾರ್ಯನಿರ್ವಹಿಸಿದ ಕಚೇರಿಯೊಂದರಲ್ಲಿ ಹಳೆಯ ಸ್ವಿಚ್ ಸುಟ್ಟುಹೋದಾಗ ಹೊಸದನ್ನು ತಂದು ಶನಿವಾರ ಸಂಜೆ ಜೋಡಿಸಲಾಯಿತು. ದೀಪಗಳು ಉರಿದವು, ಇಂಟರ್‌ನೆಟ್ ಬಂದಿತು, ಬಾಗಿಲು ಹಾಕಿ ಹೊರಟೆವು. ಸೋಮವಾರ ಬೆಳಗ್ಗೆ ಒಂದು ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇದ್ದರೆ ಇನ್ನೊಂದರಲ್ಲಿ ಇರಲಿಲ್ಲ. ಹತ್ತು ನಿಮಿಷ ಬರುವುದು, ಮತ್ತೆ ಹೋಗುವುದು. ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು. ಆದ್ದರಿಂದ ನಮ್ಮ ಕಚೇರಿಯೊಳಗೆ ಎಲ್ಲವೂ ಸರಿಯಿದೆ, ದೋಷ ಹೊರಗಿನ ತಂತಿಯಲ್ಲಿದೆ ಎಂದು ಎಂಜಿನಿಯರಿಂಗ್ ಪದವಿ ಪಡೆದಿದ್ದ ನಾನೇ ತೀರ್ಮಾನಿಸಿದೆ. ಎರಡು ದಿನಗಳ ಕಾಲ ಕೌಂಟರಿಗೆ ಬಂದ ಜನರಿಗೆ ನಾವು ಹೇಳಿದ ಮಾತು ಒಂದೇ: "ಸರ್ವರ್ ಇಲ್ಲ, ನಾಳೆ ಬನ್ನಿ."

ಮೂರನೆಯ ದಿನ ಕಾರಣ ತಿಳಿಯಿತು. ಹೊಸ ಸ್ವಿಚ್ ಕಾರ್ಖಾನೆಯಿಂದ ಬರುವಾಗಲೇ 192.168.0.1 ಎಂಬ ವಿಳಾಸವನ್ನು ಹೊತ್ತು ಬಂದಿತ್ತು. ನಮ್ಮ ರೂಟರಿನ ವಿಳಾಸವೂ ಅದೇ ಆಗಿತ್ತು. ಒಂದೇ ವಿಳಾಸಕ್ಕೆ ಎರಡು ಮನೆಗಳಾಗಿದ್ದವು. ಹೊರಗೆ ಹೋಗಬೇಕಾದ ಮಾಹಿತಿ ಕೆಲವೊಮ್ಮೆ ರೂಟರಿಗೆ, ಕೆಲವೊಮ್ಮೆ ಸ್ವಿಚ್‌ಗೆ ತಲುಪುತ್ತಿತ್ತು. ನಮ್ಮ ಪಿಂಗ್‌ಗೆ ಬಂದ ಉತ್ತರವನ್ನು ರೂಟರ್ ಕೊಟ್ಟಿತೆಂದು ನಾವು ನಂಬಿದ್ದೆವು. ಕೊಟ್ಟದ್ದು ಸ್ವಿಚ್. ಸರ್ವರ್ ಆ ಎರಡೂ ದಿನ ಸರಿಯಾಗಿಯೇ ಇತ್ತು. ಕೂಲಿ ಬಿಟ್ಟು ಎರಡು ಬಾರಿ ಬಂದು ಮರಳಿದವರಿಗೆ ನಾವು ತಿಳಿಯದೆ ಹೇಳಿದ್ದು ಸುಳ್ಳು.

ಆ ಎರಡು ದಿನಗಳ ಪಾಠವನ್ನು ಕ್ರಮಬದ್ಧವಾಗಿ ಇಲ್ಲಿ ನಿರೂಪಿಸಲಾಗಿದೆ. ವಿಳಾಸವಿಲ್ಲದೆಯೂ ಸ್ವಿಚ್ ಕೆಲಸ ಮಾಡುತ್ತದೆ. ಅದಕ್ಕಾಗಿಯೇ ನಾವು ಅದರ ವಿಳಾಸವನ್ನು ಮರೆಯುತ್ತೇವೆ. ತೊಂದರೆ ಬಂದ ದಿನ ಮಾತ್ರ ಅದು ಬೇಕಾಗುತ್ತದೆ, ಮತ್ತು ಆ ದಿನ ಹುಡುಕಿದರೆ ಸಿಗುವುದಿಲ್ಲ.

ಸ್ವಿಚ್‌ಗೆ ವಿಳಾಸವೇಕೆ?

ಸ್ವಿಚ್ ಎಂಬುದು ಒಂದೇ ಕಟ್ಟಡದೊಳಗಿನ ಯಂತ್ರಗಳನ್ನು ಪರಸ್ಪರ ಜೋಡಿಸುವ ಸಾಧನ. ಅದು ತನ್ನ ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂಬುದನ್ನು ಆ ಯಂತ್ರದ ಮ್ಯಾಕ್ ವಿಳಾಸದಿಂದ ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ. ಮ್ಯಾಕ್ ವಿಳಾಸವು ತಯಾರಕರು ಪ್ರತಿ ಸಾಧನಕ್ಕೂ ನೀಡುವ 48 ಬಿಟ್‌ಗಳ ಗುರುತು. ಮಾಹಿತಿಯನ್ನು ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಸಾಗಿಸಲು ಸ್ವಿಚ್‌ಗೆ ಸ್ವಂತ ಐಪಿ ವಿಳಾಸದ ಅಗತ್ಯವೇ ಇಲ್ಲ. ಸಂತೆಯಲ್ಲಿ ಸರಕು ಹೊರುವ ಹಮಾಲಿಗೆ ತನ್ನ ಮನೆಯ ವಿಳಾಸ ಬೇಕಾಗುವುದಿಲ್ಲ. ಅವನನ್ನೇ ಕರೆದು ಮಾತನಾಡಿಸಬೇಕಾದಾಗ ಮಾತ್ರ ಅವನೆಲ್ಲಿ ಸಿಗುತ್ತಾನೆಂದು ತಿಳಿದಿರಬೇಕು.

ಸ್ವಿಚ್‌ನೊಡನೆ ಮಾತನಾಡುವ ಈ ಮಾರ್ಗವೇ ನಿರ್ವಹಣಾ ಇಂಟರ್‌ಫೇಸ್. ಅದಕ್ಕೆ ನೀಡುವ ಐಪಿ ವಿಳಾಸದ ಮೂಲಕ ಕುಳಿತಲ್ಲಿಂದಲೇ ಈ ಕೆಲಸಗಳನ್ನು ಮಾಡಬಹುದು:

1. ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ, ಯಾವುದು ಸ್ಥಗಿತಗೊಂಡಿದೆ ಎಂದು ನೋಡುವುದು.
2. ಬಳಕೆಯಲ್ಲಿಲ್ಲದ ಪೋರ್ಟುಗಳನ್ನು ಮುಚ್ಚುವುದು.
3. ಅರಿವು ಕೇಂದ್ರದ ಸಾರ್ವಜನಿಕ ಕಂಪ್ಯೂಟರುಗಳನ್ನು ಕಚೇರಿಯ ಕಂಪ್ಯೂಟರುಗಳಿಂದ ಬೇರ್ಪಡಿಸುವುದು.
4. ಸ್ವಿಚ್‌ನ ಗಡಿಯಾರವನ್ನು ಸರಿಪಡಿಸುವುದು ಮತ್ತು ಅದರ ಘಟನಾ ದಾಖಲೆಗಳನ್ನು ಪಡೆಯುವುದು.

ಎಲ್ಲ ಸ್ವಿಚ್‌ಗಳಿಗೂ ಈ ಸೌಲಭ್ಯ ಇರುವುದಿಲ್ಲ. ಐದು ಅಥವಾ ಎಂಟು ಪೋರ್ಟುಗಳ ಅಗ್ಗದ ಸಾಮಾನ್ಯ ಸ್ವಿಚ್‌ಗಳಿಗೆ ಸಾಮಾನ್ಯವಾಗಿ ವಿಳಾಸವೂ ಇಲ್ಲ, ಪಾಸ್‌ವರ್ಡೂ ಇಲ್ಲ. ಸಾಧನದ ತಳಭಾಗದ ಚೀಟಿಯಲ್ಲಿ ಐಪಿ ವಿಳಾಸ, ಬಳಕೆದಾರ ಹೆಸರು ಮುದ್ರಿತವಾಗಿದ್ದರೆ, ಅಥವಾ ಕನ್ಸೋಲ್ ಎಂಬ ಹೆಸರಿನ ಪ್ರತ್ಯೇಕ ಪೋರ್ಟ್ ಇದ್ದರೆ ಅದು ನಿರ್ವಹಿಸಬಹುದಾದ ಸ್ವಿಚ್ ಎಂದು ತಿಳಿಯಬೇಕು. ಈ ಪಾಠ ಅಂಥವುಗಳಿಗೆ ಸಂಬಂಧಿಸಿದ್ದು.

ಇಲ್ಲಿಯೇ ಒಂದು ಎಚ್ಚರಿಕೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಆ ಯೋಜನೆಯಡಿ ಕಚೇರಿಯಲ್ಲಿ ಅಳವಡಿಸಿದ ಒಎನ್‌ಟಿ ಪೆಟ್ಟಿಗೆಯಾಗಲಿ, ರಾಜ್ಯ ವ್ಯಾಪಿ ಜಾಲವಾದ ಕೆಸ್ವಾನ್‌ನ ಸಾಧನಗಳಾಗಲಿ ನಮ್ಮ ಸಂಯೋಜನೆಗೆ ಒಳಪಟ್ಟವಲ್ಲ. ಅವುಗಳನ್ನು ಸಂಬಂಧಪಟ್ಟ ನಿರ್ವಹಣಾ ಸಂಸ್ಥೆಯವರೇ ಸರಿಪಡಿಸತಕ್ಕದ್ದು. ನಮ್ಮ ಹೊಣೆ ಆ ಪೆಟ್ಟಿಗೆಯಿಂದ ಈಚೆಗೆ, ನಮ್ಮ ಕಚೇರಿಯೊಳಗಿನ ಸ್ವಿಚ್‌ನಿಂದ ಆರಂಭವಾಗುತ್ತದೆ.

ಐಪಿ ವಿಳಾಸದ ರಚನೆ

ಬೆಂಗಳೂರು ದಕ್ಷಿಣದ ಸುಬ್ರಹ್ಮಣ್ಯಪುರಕ್ಕೆ ಒಂದು ಪತ್ರ ಬರೆಯುವುದಾದರೆ ಕೊನೆಯಲ್ಲಿ 560061 ಎಂದು ಪಿನ್ ಕೋಡ್ ಹಾಕುತ್ತೇವೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ ಅಂಕಿ ವಲಯವನ್ನೂ, ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನೂ, ಕೊನೆಯ ಮೂರು ಅಂಕಿಗಳು ಬಟವಾಡೆ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ದೂರದ ಊರಿನಲ್ಲಿ ಪತ್ರ ವಿಂಗಡಿಸುವವರಿಗೆ ಮನೆ ಸಂಖ್ಯೆ ಬೇಕಿಲ್ಲ, ಪಿನ್ ಕೋಡ್ ಸಾಕು. ಮನೆ ಸಂಖ್ಯೆ ಬೇಕಾಗುವುದು ಬೀದಿಯಲ್ಲಿ ನಡೆದು ಬರುವ ಅಂಚೆಯಣ್ಣನಿಗೆ.

ಐಪಿ ವಿಳಾಸದಲ್ಲಿಯೂ ಇವೆರಡು ಭಾಗಗಳಿವೆ: ಮೊದಲನೆಯದು ಜಾಲದ ಗುರುತು, ಎರಡನೆಯದು ಆ ಜಾಲದೊಳಗಿನ ಯಂತ್ರದ ಸಂಖ್ಯೆ. 192.168.10.2 ಎಂಬ ವಿಳಾಸದಲ್ಲಿ ಎಲ್ಲಿಯವರೆಗೆ ಜಾಲ, ಎಲ್ಲಿಂದ ಯಂತ್ರ ಎಂದು ಹೇಳುವುದು ಸಬ್‌ನೆಟ್ ಮಾಸ್ಕ್. ಮಾಸ್ಕ್ 255.255.255.0 ಆಗಿದ್ದರೆ ಮೊದಲ ಮೂರು ಸಂಖ್ಯೆಗಳು ಜಾಲಕ್ಕೆ, ಕೊನೆಯ ಸಂಖ್ಯೆ ಯಂತ್ರಕ್ಕೆ ಸೇರಿದೆ. ಆ ಕೊನೆಯ ಸ್ಥಾನದಲ್ಲಿ 0 ಜಾಲದ ಹೆಸರಿಗೂ, 255 ಎಲ್ಲರನ್ನೂ ಒಮ್ಮೆಗೇ ಕರೆಯುವುದಕ್ಕೂ ಮೀಸಲು. ಉಳಿದ 254 ಸಂಖ್ಯೆಗಳನ್ನು ಯಂತ್ರಗಳಿಗೆ ನೀಡಬಹುದು.

ಮೂರನೆಯ ಅಂಶ ಡೀಫಾಲ್ಟ್ ಗೇಟ್‌ವೇ. ಅದು ನಮ್ಮ ಬಡಾವಣೆಯ ಅಂಚೆ ಪೆಟ್ಟಿಗೆಯಂತೆ. ಪಕ್ಕದ ಮನೆಗೆ ಹೇಳಬೇಕಾದುದನ್ನು ನೇರವಾಗಿ ಹೇಳುತ್ತೇವೆ. ಬೇರೆ ಊರಿಗೆ ಕಳಿಸಬೇಕಾದುದನ್ನು ಪೆಟ್ಟಿಗೆಗೆ ಹಾಕುತ್ತೇವೆ. ಗೇಟ್‌ವೇ ವಿಳಾಸವು ಸಾಧನವಿರುವ ಜಾಲದೊಳಗಿನದ್ದೇ ಆಗಿರಬೇಕು. ಅಂಚೆ ಪೆಟ್ಟಿಗೆಯೇ ಬೇರೆ ಊರಿನಲ್ಲಿದ್ದರೆ ಪತ್ರ ಹಾಕಲು ಹೋಗುವುದು ಹೇಗೆ?

1981ರಲ್ಲಿ ರೂಪುಗೊಂಡ ಐಪಿ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಪ್ರತಿ ಯಂತ್ರಕ್ಕೂ ಪ್ರತ್ಯೇಕ ವಿಳಾಸ ನೀಡಲು ಇದು ಸಾಲದು. ಆದ್ದರಿಂದ ಸಂಸ್ಥೆಗಳ ಒಳಬಳಕೆಗಾಗಿ ಮೂರು ಸರಣಿಗಳನ್ನು ಮೀಸಲಿಡಲಾಗಿದ್ದು, ಅವುಗಳನ್ನು 1996ರ ಫೆಬ್ರವರಿಯ ಮಾನಕವೊಂದು ನಿಗದಿಪಡಿಸಿದೆ:

10.0.0.0 ರಿಂದ 10.255.255.255
172.16.0.0 ರಿಂದ 172.31.255.255
192.168.0.0 ರಿಂದ 192.168.255.255

ಕಚೇರಿಯ ಸ್ವಿಚ್‌ಗೆ ನೀಡುವ ವಿಳಾಸ ಈ ಸರಣಿಗಳೊಳಗೆ ಇರತಕ್ಕದ್ದು. ಮೇಲಿನ ಕಚೇರಿಯಿಂದ ನಿರ್ದಿಷ್ಟ ಸರಣಿ ನಿಗದಿಯಾಗಿದ್ದರೆ ಅದನ್ನೇ ಬಳಸಬೇಕು. ಸ್ವಂತ ಊಹೆಯಿಂದ ಬೇರೆಯದನ್ನು ಆರಿಸಬಾರದು.

ಮೊದಲು ಕಾಗದ, ಆಮೇಲೆ ಯಂತ್ರ

ಬಡಾವಣೆ ನಿರ್ಮಿಸುವಾಗ ನಕ್ಷೆ ಸಿದ್ಧವಾದ ಮೇಲೆ ನಿವೇಶನ ಸಂಖ್ಯೆ ಕೊಡುತ್ತೇವೆ. ನಕ್ಷೆಯಿಲ್ಲದೆ ಕೊಟ್ಟ ಸಂಖ್ಯೆಗಳು ಮುಂದೆ ಖಾತೆಯ ವಿವಾದವಾಗುತ್ತವೆ. ಬೆಂಗಳೂರಿನ ಅನೇಕ ಮನೆಗಳ ಗೇಟಿನ ಮೇಲೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎಂದು ಎರಡೆರಡು ಬರೆದಿರುವುದನ್ನು ನಾವೆಲ್ಲ ನೋಡಿದ್ದೇವೆ. ಮನುಷ್ಯರು ವಿಚಾರಿಸಿಕೊಂಡು ಸರಿಯಾದ ಮನೆ ತಲುಪುತ್ತಾರೆ. ಯಂತ್ರಗಳಿಗೆ ಆ ವಿವೇಚನೆ ಇಲ್ಲ. ಆದ್ದರಿಂದ ಸ್ವಿಚ್ ಮುಟ್ಟುವ ಮೊದಲು ವಿಳಾಸ ಹಂಚಿಕೆ ಪಟ್ಟಿಯೊಂದನ್ನು ಬರೆಯಬೇಕು. ಒಂದು ಮಾದರಿ ಹೀಗಿದೆ:

ಜಾಲ: 192.168.10.0, ಮಾಸ್ಕ್: 255.255.255.0
ರೂಟರ್ (ಗೇಟ್‌ವೇ): 192.168.10.1
ಸ್ವಿಚ್‌ಗಳು: 192.168.10.2 ರಿಂದ 9
ಪ್ರಿಂಟರುಗಳು: 192.168.10.10 ರಿಂದ 19
ಸಿಸಿ ಕ್ಯಾಮೆರಾ ಮತ್ತು ಹಾಜರಾತಿ ಯಂತ್ರ: 192.168.10.20 ರಿಂದ 49
ಕಂಪ್ಯೂಟರುಗಳಿಗೆ ತಾನಾಗಿ ಹಂಚಿಕೆ: 192.168.10.100 ರಿಂದ 199

ತಾನಾಗಿ ವಿಳಾಸ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಸಾಮಾನ್ಯವಾಗಿ ರೂಟರ್ ಈ ಕೆಲಸ ಮಾಡುತ್ತದೆ. ಕಂಪ್ಯೂಟರುಗಳಿಗೆ ಇದು ಅನುಕೂಲ. ಸ್ವಿಚ್‌ಗೆ ಮಾತ್ರ ಸ್ಥಿರ ವಿಳಾಸವೇ ಸೂಕ್ತ. ಇಂದು ಒಂದು, ನಾಳೆ ಇನ್ನೊಂದು ವಿಳಾಸ ಪಡೆಯುವ ಸ್ವಿಚ್ ತೊಂದರೆಯ ದಿನ ಕೈಗೆ ಸಿಗುವುದಿಲ್ಲ. ಸ್ಥಿರ ವಿಳಾಸಗಳು ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿರಬೇಕು. ಇಲ್ಲವಾದರೆ ಸ್ವಿಚ್‌ಗೆ ನಾವು ಕೊಟ್ಟ ವಿಳಾಸವನ್ನೇ ರೂಟರ್ ಮತ್ತೊಂದು ಕಂಪ್ಯೂಟರಿಗೆ ಕೊಡುವ ಸಂಭವವಿದೆ.

ಒಂದೇ ಸ್ವಿಚ್ ಇರುವ ಸಣ್ಣ ಕಚೇರಿಗೆ ಮೇಲಿನ ಒಂದೇ ಜಾಲ ಸಾಕು. ಅದೇ ಸ್ವಿಚ್‌ಗೆ ಅರಿವು ಕೇಂದ್ರದ ಕಂಪ್ಯೂಟರುಗಳು, ಸಾರ್ವಜನಿಕ ವೈ-ಫೈ ಇತ್ಯಾದಿಗಳೂ ಜೋಡಣೆಯಾಗಿದ್ದರೆ ಸ್ವಿಚ್‌ನ ನಿರ್ವಹಣಾ ವಿಳಾಸವನ್ನು ಪ್ರತ್ಯೇಕ ವಿ-ಲ್ಯಾನ್‌ನಲ್ಲಿ ಇಡಬೇಕು. ವಿ-ಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಗೋಡೆ ಎಬ್ಬಿಸಿ ಹಲವು ಕೋಣೆಗಳನ್ನಾಗಿ ವಿಂಗಡಿಸಿದಂತೆ. ಓದಲು ಬರುವ ವಿದ್ಯಾರ್ಥಿ ಓದುವ ಕೋಣೆಯಲ್ಲಿರಲಿ. ಬೀರುವಿನ ಕೀಲಿ ಇರುವ ಕೋಣೆಗೆ ಅವನಿಗೆ ದಾರಿ ಬೇಕಿಲ್ಲ.

ಸಂಯೋಜನೆಯ ವಿಧಾನ ಒಂದು: ಬ್ರೌಸರ್ ಮೂಲಕ

ಸಣ್ಣ ಕಚೇರಿಗಳಲ್ಲಿ ಬಳಸುವ ಅನೇಕ ಸ್ವಿಚ್‌ಗಳನ್ನು ಬ್ರೌಸರ್ ಮೂಲಕವೇ ಸಂಯೋಜಿಸಬಹುದು. ಕ್ರಮ ಹೀಗಿದೆ:

1. ಹೊಸ ಸ್ವಿಚ್‌ಅನ್ನು ಕಚೇರಿಯ ಜಾಲಕ್ಕೆ ಜೋಡಿಸಬೇಡಿ. ಮೇಜಿನ ಮೇಲಿಟ್ಟು ಒಂದೇ ಒಂದು ಲ್ಯಾಪ್‌ಟಾಪಿಗೆ ಕೇಬಲ್ ಮೂಲಕ ಜೋಡಿಸಿ. ಪೀಠಿಕೆಯಲ್ಲಿ ಹೇಳಿದ ಘಟನೆಯಲ್ಲಿ ನಾವು ತಪ್ಪಿದ್ದು ಈ ಮೊದಲ ಹೆಜ್ಜೆಯಲ್ಲಿಯೇ.
2. ಸ್ವಿಚ್‌ನ ತಳಭಾಗದ ಚೀಟಿಯಲ್ಲಿರುವ ವಿಳಾಸವನ್ನು ನೋಡಿ. ಅದು 192.168.0.1 ಎಂದಿದ್ದರೆ ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ 192.168.0.100 ಎಂಬ ವಿಳಾಸವನ್ನೂ 255.255.255.0 ಮಾಸ್ಕನ್ನೂ ಕೊಡಿ. ಇಬ್ಬರೂ ಒಂದೇ ಬೀದಿಯವರಾದರೆ ಮಾತ್ರ ನೇರ ಮಾತುಕತೆ ಸಾಧ್ಯ.
3. ಬ್ರೌಸರಿನಲ್ಲಿ ಚೀಟಿಯ ವಿಳಾಸವನ್ನು ಟೈಪ್ ಮಾಡಿ ಒಳಗೆ ಪ್ರವೇಶಿಸಿ. ಮೊದಲ ಕೆಲಸವಾಗಿ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ.
4. ಐಪಿ ಸಂಯೋಜನೆಯ ಪುಟದಲ್ಲಿ ಪಟ್ಟಿಯಂತೆ ವಿಳಾಸ, ಮಾಸ್ಕ್ ಮತ್ತು ಗೇಟ್‌ವೇ ನಮೂದಿಸಿ. ಅನ್ವಯಿಸಿದ ತಕ್ಷಣ ಸಂಪರ್ಕ ಕಡಿದುಹೋಗುತ್ತದೆ. ಇದು ದೋಷವಲ್ಲ, ಸ್ವಿಚ್ ಹೊಸ ಮನೆಗೆ ಹೋಗಿದೆ ಎಂದಷ್ಟೇ ಅರ್ಥ.
5. ಲ್ಯಾಪ್‌ಟಾಪಿಗೆ ಹೊಸ ಜಾಲದ ವಿಳಾಸ ಕೊಟ್ಟು, ಸ್ವಿಚ್‌ನ ಹೊಸ ವಿಳಾಸದಲ್ಲಿ ಮತ್ತೆ ಪ್ರವೇಶಿಸಿ. ಸಂಯೋಜನೆಯನ್ನು ಉಳಿಸುವ ಪ್ರತ್ಯೇಕ ಗುಂಡಿ ಇದ್ದರೆ ಅದನ್ನು ಒತ್ತಲು ಮರೆಯಬೇಡಿ.
6. ಲ್ಯಾಪ್‌ಟಾಪನ್ನು ತಾನಾಗಿ ವಿಳಾಸ ಪಡೆಯುವ ಸ್ಥಿತಿಗೆ ಮರಳಿಸಿ. ಅನಂತರವೇ ಸ್ವಿಚ್‌ಅನ್ನು ಗೋಡೆಗೆ ಏರಿಸಿ ಜಾಲಕ್ಕೆ ಜೋಡಿಸಿ.

ಸಂಯೋಜನೆಯ ವಿಧಾನ ಎರಡು: ಕನ್ಸೋಲ್ ಮೂಲಕ

ದೊಡ್ಡ ಸ್ವಿಚ್‌ಗಳಲ್ಲಿ ಕನ್ಸೋಲ್ ಪೋರ್ಟ್ ಇರುತ್ತದೆ. ಅದಕ್ಕೆ ಯಾವ ವಿಳಾಸವೂ ಬೇಡ. ವಿಳಾಸ ಇಲ್ಲದ ಅಥವಾ ಮರೆತ ಸ್ವಿಚ್‌ಗೆ ಅದೇ ಹಿಂಬಾಗಿಲು. ಕನ್ಸೋಲ್ ಕೇಬಲ್ ಮೂಲಕ ಲ್ಯಾಪ್‌ಟಾಪ್ ಜೋಡಿಸಿ ಟರ್ಮಿನಲ್ ತಂತ್ರಾಂಶವನ್ನು ತೆರೆಯಬೇಕು. ಬಹಳಷ್ಟು ಸ್ವಿಚ್‌ಗಳಲ್ಲಿ ವೇಗ 9600, ಡಾಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಎಂದಿರುತ್ತದೆ. ಸಾಧನದ ಕೈಪಿಡಿಯಲ್ಲಿ ಬೇರೆ ವೇಗ ಹೇಳಿದ್ದರೆ ಅದನ್ನೇ ಅನುಸರಿಸಬೇಕು.

ಸಿಸ್ಕೋ ಸ್ವಿಚ್‌ಗಳ ಆದೇಶಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇತರ ಹಲವು ತಯಾರಕರ ಆದೇಶಗಳು ಇವನ್ನೇ ಹೋಲುತ್ತವೆ. ಯಂತ್ರದಲ್ಲಿ ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಇಲ್ಲಿ ಓದುವ ಅನುಕೂಲಕ್ಕಾಗಿ ಉಚ್ಚಾರಣೆಯಂತೆ ಬರೆಯಲಾಗಿದೆ:

ಎನೇಬಲ್
ಕಾನ್ಫಿಗರ್ ಟರ್ಮಿನಲ್
ವಿ-ಲ್ಯಾನ್ 99
ಎಕ್ಸಿಟ್
ಇಂಟರ್‌ಫೇಸ್ ವಿ-ಲ್ಯಾನ್ 99
ಐಪಿ ಅಡ್ರೆಸ್ 192.168.99.2 255.255.255.0
ನೋ ಶಟ್‌ಡೌನ್
ಎಕ್ಸಿಟ್
ಐಪಿ ಡೀಫಾಲ್ಟ್-ಗೇಟ್‌ವೇ 192.168.99.1

ಮೊದಲ ಎರಡು ಸಾಲುಗಳು ಸಂಯೋಜನೆಯ ಅಧಿಕಾರ ಪಡೆಯುವುದಕ್ಕೆ. ಮೂರನೆಯದು ನಿರ್ವಹಣೆಗೆಂದು 99ನೆಯ ವಿ-ಲ್ಯಾನ್ ರಚಿಸುತ್ತದೆ. ಈ ಸಂಖ್ಯೆ ನಮ್ಮ ಆಯ್ಕೆ. ಕಾರ್ಖಾನೆಯ ಸ್ಥಿತಿಯಲ್ಲಿ ಎಲ್ಲ ಪೋರ್ಟುಗಳೂ 1ನೆಯ ವಿ-ಲ್ಯಾನ್‌ನಲ್ಲಿಯೇ ಇರುವುದರಿಂದ ನಿರ್ವಹಣೆಗೆ ಅದನ್ನು ಬಿಟ್ಟು ಬೇರೆಯದನ್ನು ಬಳಸುವುದು ಉತ್ತಮ. ಐದನೆಯ ಸಾಲಿನ ಇಂಟರ್‌ಫೇಸ್ ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ. ಸ್ವಿಚ್‌ನೊಳಗಿನ ಕಾಲ್ಪನಿಕ ಬಾಗಿಲು. ಅದಕ್ಕೆ ವಿಳಾಸ ಮತ್ತು ಮಾಸ್ಕ್ ಕೊಟ್ಟು, ಮುಚ್ಚಿದ ಸ್ಥಿತಿಯಿಂದ ತೆರೆಯಲಾಗಿದೆ. ಕೊನೆಯ ಸಾಲು ಹೊರಗಿನ ದಾರಿಯನ್ನು ತೋರಿಸುತ್ತದೆ.

ಇದಿಷ್ಟೇ ಸಾಲದು. ಆ ವಿ-ಲ್ಯಾನ್‌ಗೆ ಸೇರಿದ ಕನಿಷ್ಠ ಒಂದು ಪೋರ್ಟ್ ಚಾಲ್ತಿಗೆ ಬರುವವರೆಗೆ ಕಾಲ್ಪನಿಕ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಒಂದು ಪೋರ್ಟನ್ನು ಅದಕ್ಕೆ ನಿಗದಿಪಡಿಸಬೇಕು:

ಇಂಟರ್‌ಫೇಸ್ ಫಾಸ್ಟ್‌ಇಥರ್ನೆಟ್ 0/24
ಸ್ವಿಚ್‌ಪೋರ್ಟ್ ಮೋಡ್ ಆ್ಯಕ್ಸೆಸ್
ಸ್ವಿಚ್‌ಪೋರ್ಟ್ ಆ್ಯಕ್ಸೆಸ್ ವಿ-ಲ್ಯಾನ್ 99

ಕಚೇರಿಯ ಇತರ ವಿ-ಲ್ಯಾನ್‌ಗಳಿಂದ ಈ ವಿಳಾಸವನ್ನು ತಲುಪಬೇಕಾದರೆ ರೂಟರಿನಲ್ಲಿಯೂ 99ನೆಯ ವಿ-ಲ್ಯಾನ್‌ಗೆ 192.168.99.1 ಎಂಬ ವಿಳಾಸ ಇರಬೇಕು, ಮತ್ತು ಸ್ವಿಚ್‌ನಿಂದ ರೂಟರಿಗೆ ಹೋಗುವ ಟ್ರಂಕ್ ಪೋರ್ಟಿನಲ್ಲಿ ಆ ವಿ-ಲ್ಯಾನ್‌ಗೆ ಅನುಮತಿ ಇರಬೇಕು. ಆ ಸೌಲಭ್ಯ ಇಲ್ಲದ ರೂಟರಾದರೆ 24ನೆಯ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ನಿರ್ವಹಿಸಬಹುದು.

ದೂರದಿಂದ ಪ್ರವೇಶಿಸಲು ಟೆಲ್‌ನೆಟ್ ಬಳಸಬಾರದು. ಅದರಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಮೇಲೆ ಬರೆದ ಒಕ್ಕಣೆಯಂತೆ, ಮಧ್ಯೆ ನೋಡಿದ ಯಾರಿಗೂ ಓದಲು ಸಿಗುತ್ತದೆ. ಎಸ್‌ಎಸ್‌ಎಚ್ ವಿಧಾನದಲ್ಲಿ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆ. ಅದಕ್ಕಾಗಿ ಸ್ವಿಚ್‌ಗೆ ಹೆಸರು ಮತ್ತು ಡೊಮೈನ್ ಹೆಸರು ನೀಡಿ, 2048 ಬಿಟ್‌ಗಳ ಆರ್‌ಎಸ್‌ಎ ಕೀಲಿ ರಚಿಸಿ, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ನಿಗದಿಪಡಿಸಿ, ದೂರಪ್ರವೇಶದ ಸಾಲುಗಳಲ್ಲಿ ಎಸ್‌ಎಸ್‌ಎಚ್‌ಗೆ ಮಾತ್ರ ಅವಕಾಶ ಕೊಡಬೇಕು.

ಕೊನೆಯದಾಗಿ ಉಳಿಸುವ ಆದೇಶ: ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟ್‌ಅಪ್-ಕಾನ್ಫಿಗ್. ಈವರೆಗೆ ಮಾಡಿದ ಕೆಲಸವೆಲ್ಲ ಸ್ವಿಚ್‌ನ ತಾತ್ಕಾಲಿಕ ನೆನಪಿನಲ್ಲಿದೆ. ಉಳಿಸದಿದ್ದರೆ ಒಮ್ಮೆ ಕರೆಂಟ್ ಹೋಗಿ ಬಂದರೆ ಎಲ್ಲವೂ ಅಳಿಸಿಹೋಗುತ್ತದೆ. ಯುಪಿಎಸ್ ಇಲ್ಲದ ಕಚೇರಿಗಳಲ್ಲಿ ಈ ಒಂದು ಸಾಲಿನ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ವಿಳಾಸ ಬದಲಿಸುವ ಕೆಲಸವನ್ನು ಸಾಧ್ಯವಾದಷ್ಟೂ ಕನ್ಸೋಲ್‌ನಿಂದಲೇ ಮಾಡಬೇಕು. ಜಾಲದ ಮೂಲಕ ಪ್ರವೇಶಿಸಿ ಅದೇ ವಿಳಾಸವನ್ನು ಬದಲಿಸುವುದು ಕುಳಿತ ಕೊಂಬೆಯನ್ನೇ ಕಡಿದಂತೆ.

ತೊಂದರೆ ಬಂದಾಗ ಪರಿಶೀಲನೆಯ ಕ್ರಮ

"ಸರ್ವರ್ ಇಲ್ಲ" ಎಂದು ಹೇಳುವ ಮೊದಲು ಈ ಆರು ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಪೂರೈಸಬೇಕು:

1. ಕೇಬಲ್ ಬಿಗಿಯಾಗಿದೆಯೇ, ಸ್ವಿಚ್‌ನ ಆ ಪೋರ್ಟಿನ ದೀಪ ಉರಿಯುತ್ತಿದೆಯೇ ನೋಡಿ.
2. ಕಂಪ್ಯೂಟರಿನ ಕಮಾಂಡ್ ಪರದೆಯಲ್ಲಿ ಐಪಿಕಾನ್ಫಿಗ್ ಆದೇಶ ಕೊಡಿ. ವಿಳಾಸ 169.254 ರಿಂದ ಆರಂಭವಾಗಿದ್ದರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ ಎಂದರ್ಥ.
3. ಗೇಟ್‌ವೇ ವಿಳಾಸಕ್ಕೆ ಪಿಂಗ್ ಮಾಡಿ.
4. ಉತ್ತರ ಬಂದರೂ ನಂಬಿ ಕೂರಬೇಡಿ. ಎಆರ್‌ಪಿ ಆದೇಶವನ್ನು ಹೈಫನ್ ಎ ಸಹಿತ ಕೊಟ್ಟು, ಆ ವಿಳಾಸದ ಎದುರು ಕಾಣುವ ಮ್ಯಾಕ್ ವಿಳಾಸವನ್ನು ಜಾಲ ಸರಿಯಿದ್ದ ದಿನ ವಹಿಯಲ್ಲಿ ಬರೆದಿಟ್ಟುದರೊಡನೆ ಹೋಲಿಸಿ. ಬೇರೆಯಾಗಿದ್ದರೆ ಅದೇ ವಿಳಾಸವನ್ನು ಇನ್ನೊಂದು ಸಾಧನ ಬಳಸುತ್ತಿರಬಹುದು. ನಮ್ಮ ಮೂರನೆಯ ದಿನದ ಉತ್ತರ ಸಿಕ್ಕಿದ್ದು ಈ ಹೆಜ್ಜೆಯಲ್ಲಿ.
5. ಸ್ವಿಚ್‌ನ ನಿರ್ವಹಣಾ ವಿಳಾಸಕ್ಕೆ ಪಿಂಗ್ ಮಾಡಿ, ಒಳಗೆ ಪ್ರವೇಶಿಸಿ ಪೋರ್ಟುಗಳ ಸ್ಥಿತಿ ನೋಡಿ. ಸಿಸ್ಕೋ ಸ್ವಿಚ್‌ನಲ್ಲಿ ಶೋ ಐಪಿ ಇಂಟರ್‌ಫೇಸ್ ಬ್ರೀಫ್ ಎಂಬ ಆದೇಶ ವಿಳಾಸ ಮತ್ತು ಸ್ಥಿತಿಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ.
6. ಇವೆಲ್ಲ ಸರಿಯಿದ್ದರೆ ಮಾತ್ರ ಹೊರಗಿನ ಸಂಪರ್ಕದ ಬಗ್ಗೆ ದೂರು ದಾಖಲಿಸಿ. ಮೇಲಿನ ಫಲಿತಾಂಶಗಳನ್ನು ದೂರಿನಲ್ಲಿ ನಮೂದಿಸಿದರೆ ಸರಿಪಡಿಸುವವರ ಕೆಲಸವೂ ಬೇಗ ಮುಗಿಯುತ್ತದೆ.

ಭದ್ರತೆ

ವಿಳಾಸ ಕೊಟ್ಟ ಮೇಲೆ ಅದನ್ನು ಕಾಯುವ ಹೊಣೆಯೂ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಇರಾನ್, ರಷ್ಯಾ ಮುಂತಾದ ದೇಶಗಳಲ್ಲಿ ಬಹುಸಂಖ್ಯೆಯ ಸಿಸ್ಕೋ ಸ್ವಿಚ್‌ಗಳ ಸಂಯೋಜನೆಯನ್ನು ದುಷ್ಕರ್ಮಿಗಳು ಹೊರಗಿನಿಂದಲೇ ಅಳಿಸಿಹಾಕಿದರು. ಹೊಸ ಸ್ವಿಚ್‌ಗಳನ್ನು ಸುಲಭವಾಗಿ ಅಳವಡಿಸಲೆಂದು ರೂಪಿಸಿದ ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದುದೇ ಅವರಿಗೆ ದಾರಿಯಾಯಿತು. ಬಳಸದ ಸೌಲಭ್ಯವನ್ನು ಮುಚ್ಚಿ, ನಿರ್ವಹಣಾ ಮಾರ್ಗವನ್ನು ಹೊರಜಗತ್ತಿನಿಂದ ಮರೆಮಾಡಿದ್ದವರಿಗೆ ಆ ತೊಂದರೆ ತಟ್ಟಲಿಲ್ಲ.

ನಮ್ಮ ದೇಶದಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅದರಂತೆ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು, ಗಡಿಯಾರಗಳನ್ನು ಅಧಿಕೃತ ಸಮಯದೊಡನೆ ಹೊಂದಿಸಿರಬೇಕು. ಐಪಿ ವಿಳಾಸವೇ ಇಲ್ಲದ ಸ್ವಿಚ್ ಜಾಲದ ಮೂಲಕ ಸಮಯವನ್ನು ಪಡೆಯಲಾರದು, ದಾಖಲೆಯನ್ನು ಬೇರೆಡೆಗೆ ಕಳಿಸಲಾರದು. ಹೀಗಾಗಿ ನಿರ್ವಹಣಾ ವಿಳಾಸ ಅನುಕೂಲದ ಮಾತಷ್ಟೇ ಅಲ್ಲ, ಉತ್ತರದಾಯಿತ್ವದ ಮಾತೂ ಹೌದು.

ಕನಿಷ್ಠ ಕ್ರಮಗಳು ಇವು: ಕಾರ್ಖಾನೆಯ ಪಾಸ್‌ವರ್ಡ್ ಉಳಿಸಬಾರದು. ಸ್ವಿಚ್‌ನ ವಿಳಾಸಕ್ಕೆ ಇಂಟರ್‌ನೆಟ್‌ನಿಂದ ನೇರ ಪ್ರವೇಶ ಇರಬಾರದು. ಬಳಸದ ಪೋರ್ಟುಗಳನ್ನು ಮುಚ್ಚಬೇಕು. ಸ್ವಿಚ್ ಇರುವ ಪೆಟ್ಟಿಗೆಗೆ ಬೀಗ ಇರಬೇಕು. ಏಕೆಂದರೆ ಕನ್ಸೋಲ್ ಪೋರ್ಟ್ ಕೈಗೆ ಸಿಕ್ಕವರಿಗೆ ಉಳಿದ ತಡೆಗಳನ್ನು ದಾಟುವುದು ಸುಲಭ.

ವಹಿ ಮತ್ತು ಪ್ರಭಾರ ಹಸ್ತಾಂತರ

ನಾವು ವರ್ಗಾವಣೆಯಾಗಿ ಹೋಗುತ್ತೇವೆ; ಸ್ವಿಚ್ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಪ್ರತಿ ಸ್ವಿಚ್‌ಗೂ ಜಾಲ ವಹಿಯಲ್ಲಿ ಒಂದು ಪುಟವಿರಲಿ. ಅದರಲ್ಲಿ ಮಾದರಿ ಮತ್ತು ಕ್ರಮಸಂಖ್ಯೆ, ಇರುವ ಸ್ಥಳ, ಮ್ಯಾಕ್ ವಿಳಾಸ, ಐಪಿ ವಿಳಾಸ, ಮಾಸ್ಕ್, ಗೇಟ್‌ವೇ, ವಿ-ಲ್ಯಾನ್ ಸಂಖ್ಯೆ, ಯಾವ ಪೋರ್ಟ್ ಯಾವ ಮೇಜಿಗೆ, ಕೊನೆಯ ಬದಲಾವಣೆಯ ದಿನಾಂಕ, ಬದಲಿಸಿದವರ ಸಹಿ ಇವಿಷ್ಟೂ ಇರಬೇಕು. ಪಾಸ್‌ವರ್ಡನ್ನು ಆ ವಹಿಯಲ್ಲಿಯಾಗಲಿ, ಸ್ವಿಚ್‌ಗೆ ಅಂಟಿಸಿದ ಚೀಟಿಯಲ್ಲಿಯಾಗಲಿ ಬರೆಯಬಾರದು. ಅದು ಮೊಹರು ಮಾಡಿದ ಲಕೋಟೆಯಲ್ಲಿ, ಬೀರುವಿನಲ್ಲಿರಲಿ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಚೆಕ್ ಪುಸ್ತಕ, ಮೊಹರು, ಕೀಲಿಗಳ ಜೊತೆ ಈ ಲಕೋಟೆಯೂ ಸೇರಲಿ. ಹೊಸಬರು ಪ್ರಭಾರ ಪಡೆದ ಮೇಲೆ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಇಡಲಿ.

ಅಭ್ಯಾಸ ಪ್ರಶ್ನೆಗಳು

1. ಸ್ವಿಚ್‌ನ ವಿಳಾಸ 192.168.10.2, ಮಾಸ್ಕ್ 255.255.255.0, ಗೇಟ್‌ವೇ 192.168.1.1 ಎಂದು ನಮೂದಾಗಿದೆ. ಪರಿಣಾಮವೇನು?
ಉತ್ತರ: ಅದೇ ಜಾಲದ ಕಂಪ್ಯೂಟರುಗಳಿಂದ ಸ್ವಿಚ್ ತಲುಪಬಹುದು. ಗೇಟ್‌ವೇ ಬೇರೆ ಜಾಲದಲ್ಲಿರುವುದರಿಂದ ಹೊರಗಿನ ಜಾಲಕ್ಕೆ ಸ್ವಿಚ್ ಉತ್ತರಿಸಲಾರದು.

2. ವಿ-ಲ್ಯಾನ್ 99ಕ್ಕೆ ವಿಳಾಸ ಕೊಟ್ಟು ಬಾಗಿಲು ತೆರೆದರೂ ಸ್ಥಿತಿ ಡೌನ್ ಎಂದೇ ತೋರಿಸುತ್ತಿದೆ. ಏಕೆ?
ಉತ್ತರ: ಆ ವಿ-ಲ್ಯಾನ್‌ಗೆ ಸೇರಿದ ಯಾವ ಪೋರ್ಟೂ ಚಾಲ್ತಿಯಲ್ಲಿಲ್ಲ.

3. ನಿನ್ನೆ ಕೊಟ್ಟ ವಿಳಾಸ ಇಂದು ಬೆಳಗ್ಗೆ ಇಲ್ಲ. ರಾತ್ರಿ ಕರೆಂಟ್ ಹೋಗಿತ್ತು. ತಪ್ಪೆಲ್ಲಿ?
ಉತ್ತರ: ಸಂಯೋಜನೆಯನ್ನು ಉಳಿಸಿಲ್ಲ.

4. ಡಿಎಚ್‌ಸಿಪಿ ವ್ಯಾಪ್ತಿ 192.168.10.2 ರಿಂದ 254. ಸ್ವಿಚ್‌ಗೆ ಸ್ಥಿರವಾಗಿ 192.168.10.2 ಕೊಡಬಹುದೇ?
ಉತ್ತರ: ಕೂಡದು. ಮೊದಲು ಡಿಎಚ್‌ಸಿಪಿ ವ್ಯಾಪ್ತಿಯನ್ನು 100 ರಿಂದ 199ಕ್ಕೆ ಬದಲಿಸಿ, ಆ ವಿಳಾಸವನ್ನು ಬೇರೆ ಯಂತ್ರ ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ಕೊಡಬೇಕು.

ಉಪಸಂಹಾರ

ಇ-ಸ್ವತ್ತು, ಪಂಚತಂತ್ರ, ಬಾಪೂಜಿ ಸೇವಾ ಕೇಂದ್ರದ ಸೇವೆಗಳು ಇವೆಲ್ಲವೂ ಹಾದುಹೋಗುವುದು ನಮ್ಮ ಗೋಡೆಯ ಮೇಲಿನ ಆ ಸಣ್ಣ ಪೆಟ್ಟಿಗೆಯ ಮೂಲಕ. ಅದಕ್ಕೊಂದು ವಿಳಾಸ ಕೊಟ್ಟು, ಪರೀಕ್ಷಿಸಿ, ವಹಿಯಲ್ಲಿ ಬರೆದಿಡಲು ಅರ್ಧ ದಿನ ಸಾಕು. ಈ ಲೇಖನ ಓದಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಒಂದೇ: ಎದ್ದು ಹೋಗಿ ನಿಮ್ಮ ಕಚೇರಿಯ ಸ್ವಿಚ್‌ನ ತಳಭಾಗದ ಚೀಟಿಯನ್ನು ಓದಿ, ಅಲ್ಲಿರುವ ವಿಳಾಸವನ್ನು ನಿಮ್ಮ ರೂಟರಿನ ವಿಳಾಸದೊಡನೆ ಹೋಲಿಸಿ ನೋಡಿ. ಕೌಂಟರಿನ ಆಚೆ ನಿಂತವರಿಗೆ "ನಾಳೆ ಬನ್ನಿ" ಎನ್ನಲೇಬೇಕಾದ ದಿನಗಳು ಮುಂದೆಯೂ ಬರಬಹುದು. ಅಂದು ಹೇಳುವ ಕಾರಣ ನಿಜವಾದುದಾಗಿರಲಿ.